ಹತ್ತಿ ಬಿಡಿಸುವವಳು ಅವಳು, ಕಾಗದದಲ್ಲಿ ರೈತ ಅವನು

2026ನೇ ಇಸವಿಯನ್ನು ವಿಶ್ವಸಂಸ್ಥೆ ‘ಅಂತರರಾಷ್ಟ್ರೀಯ ಮಹಿಳಾ ರೈತರ ವರ್ಷ’ ಎಂದು ಘೋಷಿಸಿದೆ. 2024ರ ಮೇ ತಿಂಗಳಲ್ಲೇ ಸಾಮಾನ್ಯ ಸಭೆ ಈ ನಿರ್ಣಯ ಮಾಡಿತ್ತು. ಇಂಥ ವರ್ಷಗಳು ಬರುತ್ತವೆ, ಹೋಗುತ್ತವೆ. ಒಂದೆರಡು ವಿಚಾರ ಸಂಕಿರಣ, ಒಂದಿಷ್ಟು ಬ್ಯಾನರ್, ಸನ್ಮಾನ, ಅಲ್ಲಿಗೆ ಮುಗೀತು. ಆದರೆ ಈ ಸಲ ಒಂದು ಸಣ್ಣ ಪ್ರಶ್ನೆಯನ್ನಾದರೂ ಗಟ್ಟಿಯಾಗಿ ಕೇಳಬೇಕು. ಮಹಿಳಾ ರೈತ ಅಂದರೆ ಯಾರು? ಸರಕಾರದ ಕಾಗದದಲ್ಲಿ, ಸಂಶೋಧಕರ ಪ್ರಯೋಗದ ತಾಕಿನಲ್ಲಿ, ಮಂಡಿಯ ರಸೀದಿಯಲ್ಲಿ ಆಕೆ ಎಲ್ಲಿದ್ದಾಳೆ?

ಇದಕ್ಕೆ ಉತ್ತರ ಹುಡುಕಲು ಆದೋನಿಗಿಂತ ಸರಿಯಾದ ಊರು ಸಿಗಲಿಕ್ಕಿಲ್ಲ.

ಆದೋನಿಗೂ ಕರಾವಳಿಗೂ ಏನು ಸಂಬಂಧ?

ಆದೋನಿ ಇವತ್ತು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಊರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಅದು ಬಳ್ಳಾರಿ ಜಿಲ್ಲೆಯ ತಾಲೂಕು. ಆ ದಿನ ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗವನ್ನು ಆಂಧ್ರಕ್ಕೆ, ಉಳಿದ ತಾಲೂಕುಗಳನ್ನು ಮೈಸೂರಿಗೆ ಕೊಟ್ಟರು. ಗಡಿ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಕೌತಾಳಂ, ಕೋಸಿಗಿ, ಹೊಳಗುಂದ, ಹಾಲಹರವಿ, ಮಂತ್ರಾಲಯದ ಕಡೆ ಇವತ್ತಿಗೂ ಕನ್ನಡ ಮನೆಗಳಿವೆ. ಆಗ ದಕ್ಷಿಣ ಕನ್ನಡವೂ ಆದೋನಿಯೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಈ ಹಳೆಯ ಸಂಬಂಧ ಇವತ್ತು ಹೆಣ್ಣು ಮಕ್ಕಳ ಜಮೀನಿನ ಹಕ್ಕಿನ ವಿಷಯದಲ್ಲಿ ಮುಖ್ಯವಾಗುತ್ತದೆ. ಅದು ಹೇಗೆ ಅನ್ನೋದು ಮುಂದೆ ಬರುತ್ತದೆ.

ವ್ಯಾಪಾರಿಗಳಿಗೆ ಆದೋನಿ ಅಂದರೆ ಹತ್ತಿ. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಇದೂ ಒಂದು. ಸುತ್ತಮುತ್ತ ಜಿನ್ನಿಂಗ್ ಮಿಲ್ಲುಗಳು, ಎಣ್ಣೆ ಮಿಲ್ಲುಗಳು, ಜವಳಿ ಅಂಗಡಿಗಳು. ರಾಯಲಸೀಮೆಯಲ್ಲಿ ಇದಕ್ಕೆ ‘ಎರಡನೇ ಮುಂಬೈ’ ಎಂಬ ಅಡ್ಡಹೆಸರೇ ಇದೆ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಸಿದ್ದಿ ಮಸೂದ್ ಖಾನ್ ಕಟ್ಟಿಸಿದ ಜಾಮಿಯಾ ಮಸೀದಿ ಇಲ್ಲಿದೆ. ಹತ್ತಿ ಹಿಂಜುವುದನ್ನೇ ಕಸುಬಾಗಿ ಮಾಡಿಕೊಂಡು ಬಂದ ದೂದೇಕುಲ ಅಥವಾ ಪಿಂಜಾರ ಸಮುದಾಯದ ಮುಸ್ಲಿಮರು ಈ ಸೀಮೆಯ ಉದ್ದಕ್ಕೂ ಇದ್ದಾರೆ. ಅಂದರೆ ಹತ್ತಿಯ ಕತೆ ಇಲ್ಲಿ ಹಿಂದೂ ರೈತನ ಕತೆ ಎಷ್ಟೋ, ಮುಸ್ಲಿಂ ಕೂಲಿಕಾರರ, ವ್ಯಾಪಾರಿಗಳ ಕತೆಯೂ ಅಷ್ಟೇ.

ಲೆಕ್ಕದ ಪುಸ್ತಕ ಏನು ಹೇಳುತ್ತದೆ?

ಮೊದಲು ಲೆಕ್ಕ ನೋಡೋಣ. 2023-24ರ ಕಾರ್ಮಿಕ ಸಮೀಕ್ಷೆಯ ಪ್ರಕಾರ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ಕೃಷಿಯಲ್ಲಿದ್ದಾರೆ. ಗಂಡಸರಲ್ಲಿ ಈ ಪ್ರಮಾಣ ಸುಮಾರು ಅರ್ಧ. ಗಂಡಸರು ಕಟ್ಟಡ ಕೆಲಸಕ್ಕೆ, ಆಟೋ ಓಡಿಸಲಿಕ್ಕೆ, ಪಟ್ಟಣಕ್ಕೆ ಹೋದರು. ಹೊಲ ಹೆಂಗಸರ ಕೈಗೆ ಬಂತು. ಆದರೆ 2015-16ರ ಕೃಷಿ ಗಣತಿಯಲ್ಲಿ ಹೆಂಗಸರು ನಡೆಸುವ ಹಿಡುವಳಿಗಳು ದೇಶದಲ್ಲಿ ನೂರಕ್ಕೆ ಸುಮಾರು 14 ಮಾತ್ರ. ಹೊಲ ಕೈಗೆ ಬಂತು, ಹೆಸರಿಗೆ ಬರಲಿಲ್ಲ.

ಹತ್ತಿಯ ಬೆಂಬಲ ಬೆಲೆಯನ್ನೇ ತೆಗೆದುಕೊಳ್ಳಿ. 2025-26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ ಕೇಂದ್ರ ಸರಕಾರ ಕ್ವಿಂಟಾಲಿಗೆ 7,710 ರೂಪಾಯಿ ನಿಗದಿ ಮಾಡಿತು. ಉದ್ದ ಎಳೆಗೆ 8,110. ಇದು ಹೇಗೆ ಬಂತು? ಒಂದು ಕ್ವಿಂಟಾಲ್ ಬೆಳೆಯಲು 5,140 ರೂಪಾಯಿ ಖರ್ಚು ಎಂದು ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಲೆಕ್ಕ ಹಾಕಿತು. ಅದರ ಮೇಲೆ ಅರ್ಧದಷ್ಟು ಸೇರಿಸಿದರು. ಆ 5,140ರಲ್ಲಿ ಬೀಜ, ಗೊಬ್ಬರ, ಔಷಧಿ, ಕೂಲಿ ಎಲ್ಲ ಇದೆ. ಜೊತೆಗೆ ಇನ್ನೊಂದು ಬಾಬ್ತು ಇದೆ: ಮನೆಯವರು ಸಂಬಳ ಇಲ್ಲದೆ ದುಡಿದ ದುಡಿಮೆಯ ಅಂದಾಜು ಬೆಲೆ.

ಕಾಮರ್ಸ್ ಓದಿದವರಿಗೆ ಇದು ತಕ್ಷಣ ಅರ್ಥ ಆಗುತ್ತದೆ. ಬಿತ್ತುವಾಗ ಕಾಳು ಹಾಕಿದ್ದು, ಕಳೆ ಕಿತ್ತದ್ದು, ಹತ್ತಿ ಬಿಡಿಸಿದ್ದು, ಬಿಡಿಸಿದ್ದನ್ನು ಒಣಗಿಸಿದ್ದು ಹೆಚ್ಚಿನ ಪಾಲು ಮನೆಯ ಹೆಂಗಸರೇ. ಅವರ ದುಡಿಮೆ ಖರ್ಚಿನ ಕಾಲಂನಲ್ಲಿ ಬಂದಿದೆ. ಅದಕ್ಕೆ ದರವೂ ಬಿದ್ದಿದೆ, ಮೇಲೆ ಅರ್ಧದಷ್ಟು ಲಾಭವೂ ಸೇರಿದೆ. ಆದರೆ ಜಮೆಯ ಕಾಲಂನಲ್ಲಿ, ಅಂದರೆ ದುಡ್ಡು ಬೀಳುವ ಖಾತೆಯಲ್ಲಿ, ಪಟ್ಟಾದಾರ್ ಪಾಸ್‌ಬುಕ್ ಯಾರ ಹೆಸರಲ್ಲಿದೆಯೋ ಅವರ ಹೆಸರು. ಯಾವುದೇ ಅಂಗಡಿಯಲ್ಲಿ ಪಾಲುದಾರನ ದುಡಿಮೆಯನ್ನು ಖರ್ಚಿಗೆ ಬರೆದು ಅವನ ಹೆಸರಿಗೆ ಏನೂ ಕೊಡದೆ ಹೋದರೆ ಜಗಳ ಆಗುತ್ತದೆ. ಹೊಲದಲ್ಲಿ ಅದು ರೂಢಿ.

ಈ ಹಂಗಾಮಿನಲ್ಲಿ ಅದು ಇನ್ನೂ ಬಿಗಿಯಾಯಿತು. ಭಾರತೀಯ ಹತ್ತಿ ನಿಗಮ 2025ರಲ್ಲಿ ‘ಕಪಾಸ್ ಕಿಸಾನ್’ ಎಂಬ ಮೊಬೈಲ್ ಆ್ಯಪ್ ತಂದಿತು. ಬೆಂಬಲ ಬೆಲೆಗೆ ಮಾರಬೇಕಾದರೆ ಅದರಲ್ಲಿ ಆಧಾರ್, ಭೂದಾಖಲೆ ಕೊಟ್ಟು ನೋಂದಣಿ ಮಾಡಬೇಕು, ಆಮೇಲೆ ಸ್ಲಾಟ್ ಬುಕ್ ಮಾಡಬೇಕು. ದಲ್ಲಾಳಿಗಳು ರೈತರ ಹೆಸರಲ್ಲಿ ಮಾರುವುದನ್ನು ತಡೆಯಲು ಇದು ಬೇಕಿತ್ತು ಅನ್ನೋದು ನ್ಯಾಯವಾದ ಮಾತೇ. ಆದರೆ ಗುತ್ತಿಗೆಗೆ ಹೊಲ ಮಾಡುವ, ಸ್ಮಾರ್ಟ್‌ಫೋನ್ ಇಲ್ಲದ, ಪಾಸ್‌ಬುಕ್ಕಿನಲ್ಲಿ ಹೆಸರಿಲ್ಲದ ಹೆಂಗಸು ಈ ಬಾಗಿಲಿನ ಹೊರಗೇ ಉಳಿಯುತ್ತಾಳೆ. ಗುತ್ತಿಗೆ ರೈತರಿಗೆ ಕಾರ್ಡ್ ಕೊಡಲು ಆಂಧ್ರದಲ್ಲಿ 2011ರಲ್ಲೂ 2019ರಲ್ಲೂ ಕಾನೂನು ಬಂದಿದೆ. 2019ರ ಕಾನೂನಿನಲ್ಲಿ ಕಾರ್ಡಿಗೆ ಜಮೀನಿನ ಮಾಲೀಕ ಸಹಿ ಹಾಕಬೇಕು. ತನ್ನ ಜಮೀನು ಕೈತಪ್ಪೀತು ಎಂದು ಹೆದರುವ ಮಾಲೀಕ ಸಹಿ ಹಾಕಲು ಹಿಂಜರಿಯುತ್ತಾನೆ.

ಸಂಶೋಧನೆ ಬೀಜ ಕೊಟ್ಟಿತು, ಭಾರ ಯಾರಿಗೆ?

ಕೃಷಿ ಸಂಶೋಧನೆಯಲ್ಲಿ ಹೆಣ್ಣು ಗಂಡೆಂಬ ಪ್ರಶ್ನೆ ಎಲ್ಲಿಂದ ಬಂತು ಅಂತ ಕೆಲವರು ಕೇಳುತ್ತಾರೆ. ಬೀಜಕ್ಕೆ ಜಾತಿ ಇಲ್ಲ, ಲಿಂಗ ಇಲ್ಲ ಅನ್ನುತ್ತಾರೆ. ಹತ್ತಿಯ ಇತಿಹಾಸ ಓದಿದರೆ ಹಾಗೆ ಹೇಳಲು ಬರುವುದಿಲ್ಲ.

1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಅವರು ಎಚ್-4 ಎಂಬ ಹೈಬ್ರಿಡ್ ಹತ್ತಿ ಕೊಟ್ಟರು. ವಾಣಿಜ್ಯ ಮಟ್ಟದಲ್ಲಿ ಬೆಳೆದ ಜಗತ್ತಿನ ಮೊದಲ ಹೈಬ್ರಿಡ್ ಹತ್ತಿ ಅದು. ಎರಡೇ ವರ್ಷದಲ್ಲಿ, 1972ರಲ್ಲಿ, ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ‘ವರಲಕ್ಷ್ಮಿ’ ತಳಿ ತಂದರು. ಕನ್ನಡ ನಾಡಿಗೆ ಹೆಮ್ಮೆಯ ವಿಷಯ. ಇಳುವರಿ ಏರಿತು, ಎಳೆಯ ಗುಣಮಟ್ಟ ಏರಿತು, ರೈತನ ಕೈಗೆ ದುಡ್ಡು ಬಂತು.

ಆದರೆ ಹೈಬ್ರಿಡ್ ಬೀಜ ತಯಾರಾಗುವುದು ಹೇಗೆ? ಮೊದಲ ದಿನ ಪ್ರತಿ ಮೊಗ್ಗಿನ ಕೇಸರವನ್ನು ಕೈಯಿಂದ ಬಿಡಿಸಿ ತೆಗೆಯಬೇಕು. ಮಾರನೇ ದಿನ ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಸವರಬೇಕು. ಒಂದೊಂದೇ ಹೂವು, ತಿಂಗಳುಗಟ್ಟಲೆ. ಇದಕ್ಕೆ ಬೇಕಾದ ಕೈಗಳು ಎಲ್ಲಿಂದ ಬಂದವು? ಕರ್ನೂಲು, ಮೆಹಬೂಬ್‌ನಗರ ಜಿಲ್ಲೆಗಳ ಬಡ ಮನೆಗಳಿಂದ. ಅದರಲ್ಲೂ ಹೆಚ್ಚಾಗಿ ಹೆಣ್ಣು ಮಕ್ಕಳು. ಕೂಲಿ ಕಡಿಮೆ ಕೊಟ್ಟರೆ ನಡೆಯುತ್ತದೆ, ಹೇಳಿದ ಮಾತು ಕೇಳುತ್ತಾರೆ, ಗಿಡದ ಎತ್ತರಕ್ಕೆ ಸರಿಹೊಂದುತ್ತಾರೆ ಅನ್ನುವ ಕಾರಣಕ್ಕೆ ಎಂಟು, ಹತ್ತು, ಹನ್ನೆರಡು ವರ್ಷದ ಹುಡುಗಿಯರನ್ನು ಹೊಲಕ್ಕೆ ಇಳಿಸಿದರು. ತಂದೆತಾಯಿಗೆ ಮುಂಗಡ ಕೊಟ್ಟು ಹುಡುಗಿಯ ಹಂಗಾಮನ್ನೇ ಬರೆಸಿಕೊಳ್ಳುತ್ತಿದ್ದರು.

1990ರ ದಶಕದ ಕೊನೆಯಲ್ಲಿ ಸಂಶೋಧಕ ದಾವುಲೂರಿ ವೆಂಕಟೇಶ್ವರ್ಲು ಈ ಹೊಲಗಳಲ್ಲಿ ಅಧ್ಯಯನ ಮಾಡಿ ಆಂಧ್ರದಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಮಕ್ಕಳು ಹತ್ತಿ ಬೀಜೋತ್ಪಾದನೆಯಲ್ಲಿದ್ದಾರೆ, ಅವರಲ್ಲಿ ಹುಡುಗಿಯರೇ ಬಹುಪಾಲು ಎಂದು ಅಂದಾಜು ಮಾಡಿದರು. ಆಮೇಲೆ ದೊಡ್ಡ ಗದ್ದಲವಾಯಿತು. ಬೀಜ ಕಂಪೆನಿಗಳು ಒತ್ತಡಕ್ಕೆ ಸಿಕ್ಕಿದವು. ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್‌ನಂಥ ಸಂಘಟನೆಗಳು ಮಕ್ಕಳನ್ನು ಶಾಲೆಗೆ ತರಲು ದುಡಿದವು.

ಇಲ್ಲಿ ತಪ್ಪು ಯಾರದ್ದು? ವಿಜ್ಞಾನಿ ಕೆಟ್ಟ ಉದ್ದೇಶದಿಂದ ತಳಿ ಮಾಡಲಿಲ್ಲ. ಆದರೆ ಪ್ರಯೋಗದ ಪುಸ್ತಕದಲ್ಲಿ ಇಳುವರಿ, ಎಳೆಯ ಉದ್ದ, ರೋಗ ನಿರೋಧಕ ಶಕ್ತಿ ಎಂಬ ಕಾಲಂಗಳಿದ್ದವು. ‘ಈ ಕೆಲಸ ಯಾರು ಮಾಡುತ್ತಾರೆ, ಎಷ್ಟು ಗಂಟೆ, ಯಾವ ವಯಸ್ಸಿನವರು’ ಎಂಬ ಕಾಲಂ ಇರಲಿಲ್ಲ. ಹೊಸ ತಂತ್ರಜ್ಞಾನ ಬಂದಾಗ ಹೊಸ ಕೆಲಸವೂ ಬರುತ್ತದೆ. ಆ ಕೆಲಸ ಯಾವಾಗಲೂ ಮನೆಯಲ್ಲಿ ಎದುರು ಮಾತಾಡಲಾಗದವರ ಹೆಗಲಿಗೇ ಬೀಳುತ್ತದೆ. ಕೃಷಿ ಸಂಶೋಧನೆಯಲ್ಲಿ ಲಿಂಗ ಸಮಾನತೆ ಅಂದರೆ ಮೊದಲಿಗೆ ಆ ಖಾಲಿ ಕಾಲಂ ತುಂಬುವುದು.

ಹೆಂಗಸರನ್ನು ಕೇಳಿದಾಗ ಏನಾಯಿತು?

ಕೇಳಿದ ಕಡೆ ಲಾಭವೇ ಆಗಿದೆ. ಆಫ್ರಿಕಾದ ರುವಾಂಡಾದಲ್ಲಿ ಬೀನ್ಸ್ ಮುಖ್ಯ ಆಹಾರ. ಅದನ್ನು ಬೆಳೆಯುವುದು, ಬೀಜ ಕಾಪಾಡುವುದು ಹೆಂಗಸರ ಕೆಲಸ. 1980ರ ದಶಕದ ಕೊನೆಯಲ್ಲಿ ಅಲ್ಲಿನ ಸಂಶೋಧನಾ ಕೇಂದ್ರ ಹಳ್ಳಿಯ ಅನುಭವಿ ಹೆಂಗಸರನ್ನು ಪ್ರಯೋಗದ ತಾಕಿಗೇ ಕರೆದು ಯಾವ ತಳಿ ಒಳ್ಳೆಯದು ನೀವೇ ಹೇಳಿ ಎಂದಿತು. ಅವರು ಆರಿಸಿದ ತಳಿಗಳು ಅವರ ಹೊಲಗಳಲ್ಲಿ ವಿಜ್ಞಾನಿಗಳು ಆರಿಸಿದವುಗಳಿಗಿಂತ ಚೆನ್ನಾಗಿ ಬಂದವು. ಅವರಿಗೆ ತಮ್ಮ ಮಣ್ಣು, ತಮ್ಮ ಒಲೆ ಎರಡೂ ಗೊತ್ತಿತ್ತು.

ಕರ್ನೂಲು ಸೀಮೆಯಲ್ಲೂ ಇದಕ್ಕೆ ಅವಕಾಶವಿದೆ. ನಂದ್ಯಾಲದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ಹತ್ತಿಯಲ್ಲಿ ‘ನರಸಿಂಹ’, ನವಣೆಯಲ್ಲಿ ‘ಸೂರ್ಯನಂದಿ’ಯಂಥ ತಳಿಗಳನ್ನು ಕೊಟ್ಟಿದೆ. ಎಮ್ಮಿಗನೂರು ಮಂಡಲದ ಬನವಾಸಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹೆಸರು ಕೇಳಿದರೇ ಕನ್ನಡದ ನೆನಪಾಗುತ್ತದೆ. ನವಣೆಯ ವಿಷಯದಲ್ಲಿ ಗಂಡಸು ಕ್ವಿಂಟಾಲ್ ಎಷ್ಟು ಬಂತು ಎಂದು ಕೇಳಿದರೆ, ಹೆಂಗಸು ಸಿಪ್ಪೆ ಸುಲಭವಾಗಿ ಬಿಡುತ್ತದಾ, ಮೇವು ದನ ತಿನ್ನುತ್ತದಾ, ಅನ್ನ ಗಟ್ಟಿಯಾಗುತ್ತದಾ ಎಂದು ಕೇಳುತ್ತಾಳೆ. ಎರಡೂ ಪ್ರಶ್ನೆ ಬೇಕು. ಸಿಪ್ಪೆ ಬಿಡದ ನವಣೆ ಎಷ್ಟು ಬೆಳೆದರೂ ಮನೆಯಲ್ಲಿ ಉಳಿಯುವುದಿಲ್ಲ.

ಇನ್ನೊಂದು ಅಡ್ಡಿ ಭಾಷೆ. ಆಂಧ್ರದ ಕೃಷಿ ಇಲಾಖೆ ಮಾತಾಡುವುದು ತೆಲುಗಿನಲ್ಲಿ. ಗಂಡಸಿಗೆ ಸಂತೆ, ಮಂಡಿ, ಕಚೇರಿ ಸುತ್ತಿ ತೆಲುಗು ಬರುತ್ತದೆ. ಮನೆಯಲ್ಲಿ ಕನ್ನಡ ಅಥವಾ ದಖ್ಖನಿ ಉರ್ದು ಮಾತಾಡುವ, ಶಾಲೆ ಮೆಟ್ಟಿಲು ಹತ್ತದ ಹೆಂಗಸಿಗೆ ತೆಲುಗಿನ ಕರಪತ್ರ ಬರೀ ಕಾಗದ. ಕೋಸಿಗಿಯಂಥ ಮಂಡಲಗಳು ಸಾಕ್ಷರತೆಯಲ್ಲಿ ರಾಜ್ಯದಲ್ಲೇ ತೀರಾ ಹಿಂದಿವೆ. ಅಲ್ಲಿ ಬಾಯಿ ಮಾತಿನಲ್ಲಿ, ಮನೆ ಮಾತಿನಲ್ಲಿ ಹೇಳದ ಸಂಶೋಧನೆ ಹೆಂಗಸರನ್ನು ತಲುಪುವುದೇ ಇಲ್ಲ.

ಕೆಲವು ಒಳ್ಳೆಯ ಪ್ರಯತ್ನಗಳೂ ಇವೆ, ಅವನ್ನೂ ಹೇಳಬೇಕು. ಕರ್ನಾಟಕ 1982ರಲ್ಲೇ ಡೆನ್ಮಾರ್ಕ್ ನೆರವಿನಲ್ಲಿ ಹಳ್ಳಿಯ ಹೆಂಗಸರಿಗೆಂದೇ ಕೃಷಿ ತರಬೇತಿ ಯೋಜನೆ ಶುರು ಮಾಡಿತ್ತು. ಆಂಧ್ರದಲ್ಲಿ 2016ರಿಂದ ನಡೆಯುತ್ತಿರುವ ನೈಸರ್ಗಿಕ ಕೃಷಿ ಕಾರ್ಯಕ್ರಮ ನಿಂತಿರುವುದೇ ಮಹಿಳಾ ಸ್ವಸಹಾಯ ಸಂಘಗಳ ಮೇಲೆ. 2024ರಲ್ಲಿ ಅದಕ್ಕೆ ಪೋರ್ಚುಗಲ್‌ನ ಗುಲ್ಬೆಂಕಿಯನ್ ಪ್ರಶಸ್ತಿಯೂ ಬಂತು. ಕೇಂದ್ರದ ‘ನಮೋ ಡ್ರೋನ್ ದೀದಿ’ ಯೋಜನೆ 15,000 ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇಟ್ಟುಕೊಂಡಿದೆ. ಆದರೆ ಡ್ರೋನ್ ಹಾರಿಸುವ ಒಬ್ಬಳ ಫೋಟೊ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಕೆಳಗೆ ಹತ್ತಿ ಬಿಡಿಸುವ ನೂರು ಮಂದಿಯ ಬೆನ್ನು ನೋವು ಕಡಿಮೆಯಾಗುವುದಿಲ್ಲ.

ಸುಗ್ಗಿಗೆ ಹೋಗುವವರು

ಪಶ್ಚಿಮ ಕರ್ನೂಲಿನಲ್ಲಿ ‘ಸುಗ್ಗಿಗೆ ಹೋಗೋದು’ ಅಂದರೆ ಹಬ್ಬ ಅಲ್ಲ, ವಲಸೆ. ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯದ ಹಳ್ಳಿಗಳಿಂದ ಇಡೀ ಸಂಸಾರಗಳು ಬೀಗ ಹಾಕಿ ಗುಂಟೂರು ಕಡೆಗೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗುತ್ತವೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಸೀಮೆಯ ಜೀವನಾಡಿ. ಆದರೆ ಕೊನೆಯ ಹಳ್ಳಿಗೆ ನೀರು ಬರುವಷ್ಟರಲ್ಲಿ ಹಂಗಾಮೇ ಮುಗಿದಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೊಪ್ಪಳ, ಬಳ್ಳಾರಿಯಷ್ಟೇ ಆತಂಕ ಆದೋನಿಯಲ್ಲೂ ಇತ್ತು.

ನೀರು ಯಾರಿಗೆ, ಯಾವಾಗ ಎಂದು ತೀರ್ಮಾನಿಸುವ ನೀರು ಬಳಕೆದಾರರ ಸಂಘಗಳಿಗೆ ಆಂಧ್ರದಲ್ಲಿ 1997ರ ಕಾನೂನಿದೆ. ಅದರಲ್ಲಿ ಮತದಾನದ ಹಕ್ಕು ದಾಖಲೆಯಲ್ಲಿರುವ ಭೂಧಾರಕರಿಗೆ. ಹೊಲಕ್ಕೆ ರಾತ್ರಿ ನೀರು ಕಟ್ಟುವ ಹೆಂಗಸಿಗೆ ಜಮೀನು ಹೆಸರಲ್ಲಿಲ್ಲ, ಆದ್ದರಿಂದ ಮತವೂ ಇಲ್ಲ. ಹೆಸರಿಲ್ಲದ ಒಂದು ಕೊರತೆ ಎಷ್ಟು ಬಾಗಿಲು ಮುಚ್ಚುತ್ತದೆ ನೋಡಿ: ಸಾಲ, ವಿಮೆ, ಬೆಂಬಲ ಬೆಲೆ, ನೀರು, ಗಂಡ ತೀರಿಕೊಂಡರೆ ಪರಿಹಾರ.

ಉದ್ಯೋಗ ಖಾತರಿ ಕೆಲಸ ಈ ಸೀಮೆಯ ಹೆಂಗಸರಿಗೆ ಒಂದು ಆಸರೆ ಆಗಿತ್ತು. ಗಂಡಿಗೂ ಹೆಣ್ಣಿಗೂ ಒಂದೇ ದರ, ಆಂಧ್ರದಲ್ಲಿ 2025-26ಕ್ಕೆ ದಿನಕ್ಕೆ 307 ರೂಪಾಯಿ. ಊರಲ್ಲೇ ಕೆಲಸ ಇದ್ದರೆ ಹೊಲದ ಕೂಲಿಯನ್ನೂ ಚೌಕಾಶಿ ಮಾಡಬಹುದು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾನೂನು ಮಾಡಿ ಇದನ್ನು ಬದಲಿಸಿತು. ದಿನಗಳು 125ಕ್ಕೆ ಏರಿದವು. ಆದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನ ಕೆಲಸ ನಿಲ್ಲಿಸಲು ಅವಕಾಶವಿದೆ. ಕೂಲಿಯಾಳು ಸಿಗದ ಸಣ್ಣ ರೈತನ ಕಷ್ಟ ಸುಳ್ಳಲ್ಲ. ಆದರೆ ಕೂಲಿ ಹೆಚ್ಚು ಕೇಳಬಹುದಾದ ದಿನಗಳಲ್ಲೇ ಆಕೆಯ ಇನ್ನೊಂದು ದಾರಿ ಮುಚ್ಚಿದರೆ ದರ ಯಾರು ತೀರ್ಮಾನ ಮಾಡುತ್ತಾರೆ ಅನ್ನೋದು ವ್ಯಾಪಾರ ಗೊತ್ತಿರುವ ಎಲ್ಲರಿಗೂ ತಿಳಿಯುತ್ತದೆ.

ಜಮೀನು ಮತ್ತು ಸಹೋದರಿಯ ಪಾಲು

ಇಷ್ಟೆಲ್ಲ ಓದಿ, ‘ಅದು ರಾಯಲಸೀಮೆಯ ಸಮಸ್ಯೆ, ನಮಗೇನು’ ಅಂದುಕೊಳ್ಳುವವರು ಇರಬಹುದು. ಇಲ್ಲಿಯೇ ಆ ಹಳೆಯ ಮದ್ರಾಸ್ ಸಂಬಂಧ ಬರುತ್ತದೆ.

1937ರ ಶರೀಅತ್ ಅನ್ವಯ ಕಾಯ್ದೆ ಮುಸ್ಲಿಂ ಹೆಣ್ಣು ಮಕ್ಕಳಿಗೆ ಆಸ್ತಿಯ ಪಾಲನ್ನು ಖಚಿತ ಮಾಡಿತು. ಆದರೆ ಅದರ ಎರಡನೇ ಸೆಕ್ಷನ್ ಕೃಷಿ ಭೂಮಿಯನ್ನು ಹೊರಗಿಟ್ಟಿತು. ಅಂದರೆ ಮನೆ, ಅಂಗಡಿ, ಚಿನ್ನಕ್ಕೆ ಶರೀಅತ್. ಹೊಲ ಗದ್ದೆಗೆ ಊರಿನ ರೂಢಿ. ಹಲವು ಪ್ರಾಂತ್ಯಗಳಲ್ಲಿ ಆ ರೂಢಿ ಹೆಣ್ಣು ಮಕ್ಕಳಿಗೆ ಏನನ್ನೂ ಕೊಡುತ್ತಿರಲಿಲ್ಲ. ಮದ್ರಾಸ್ ಪ್ರಾಂತ್ಯ 1949ರಲ್ಲಿ ತಿದ್ದುಪಡಿ ತಂದು ಕೃಷಿ ಭೂಮಿಯನ್ನೂ ಒಳಗೆ ಸೇರಿಸಿತು. ಆಗ ಆದೋನಿಯೂ ಮಂಗಳೂರೂ ಆ ಪ್ರಾಂತ್ಯದ ಒಳಗೇ ಇದ್ದವು. ಹಿಂದೂ ಹೆಣ್ಣು ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ಆಂಧ್ರದಲ್ಲಿ 1980ರ ದಶಕದಲ್ಲಿ, ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ ಬಂತು.

ಸೂರಃ ಅನ್ನಿಸಾ ಹೆಣ್ಣಿಗೆ ಪಾಲು ನಿಗದಿ ಮಾಡಿ ಹದಿನಾಲ್ಕು ಶತಮಾನ ಆಯಿತು. ಕಾನೂನೂ ಬಂದು ಎಪ್ಪತ್ತೈದು ವರ್ಷ ದಾಟಿತು. ಹಾಗಾದರೆ ತಡೆಯುವುದು ಯಾವುದು? ‘ತಂಗಿ ತನ್ನ ಪಾಲು ಅಣ್ಣನಿಗೆ ಬಿಟ್ಟುಕೊಟ್ಟಳು’ ಎಂಬ ಒಂದು ವಾಕ್ಯ. ಅವಳು ನಿಜವಾಗಿ ಮನಸ್ಸಿನಿಂದ ಬಿಟ್ಟಳೋ, ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಬಿಟ್ಟಳೋ ಯಾರೂ ಕೇಳುವುದಿಲ್ಲ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಉತ್ತರವೂ ಇದೆ. ಮದುವೆಯ ಖರ್ಚು ಪಾಲಿನಲ್ಲಿ ವಜಾ ಆಗುತ್ತದೆ ಎಂದು ಯಾವ ಉಸ್ತಾದರೂ ಹೇಳಿಕೊಡುವುದಿಲ್ಲ. ಆದೋನಿಯ ಹತ್ತಿ ಹೊಲದಲ್ಲೂ ಬಂಟ್ವಾಳದ ಅಡಿಕೆ ತೋಟದಲ್ಲೂ ನಡೆಯುವುದು ಒಂದೇ. ಬೀಡಿ ಕಟ್ಟಿ ಮನೆ ನಡೆಸಿದ ಕರಾವಳಿಯ ಎಷ್ಟೋ ತಾಯಂದಿರ ಹೆಸರು ಆ ಮನೆಯ ದಾಖಲೆಯಲ್ಲಿ ಇವತ್ತಿಗೂ ಇಲ್ಲ.

ದುಡ್ಡು ಒಂದೇ ಮನೆಗಲ್ಲವೇ?

ಗಂಡನ ಖಾತೆಗೆ ಬಿದ್ದರೂ ಹೆಂಡತಿಯ ಖಾತೆಗೆ ಬಿದ್ದರೂ ದುಡ್ಡು ಒಂದೇ ಮನೆಗೆ ಬರುತ್ತದಲ್ಲ ಎಂಬ ವಾದವಿದೆ. ಎಲ್ಲ ಸರಿ ಇರುವ ಮನೆಯಲ್ಲಿ ಅದು ನಿಜವೇ. ಆದರೆ ಕಾಗದ ಬೇಕಾಗುವುದು ಎಲ್ಲ ಸರಿ ಇಲ್ಲದಾಗ. ಗಂಡ ಸಾಲ ಮಾಡಿ ಪ್ರಾಣ ಕಳೆದುಕೊಂಡಾಗ, ಬಿಟ್ಟು ಹೋದಾಗ, ಮೈದುನ ಹೊಲಕ್ಕೆ ಬೇಲಿ ಹಾಕಿದಾಗ. ಅವತ್ತು ಇಪ್ಪತ್ತು ವರ್ಷದ ದುಡಿಮೆಗೆ ಸಾಕ್ಷಿ ಹೇಳುವುದು ಪಾಸ್‌ಬುಕ್ ಮಾತ್ರ.

ದೇಶದ ಮಟ್ಟದಲ್ಲೂ ಇದು ನಷ್ಟದ ಬಾಬ್ತು. ಬೀಜ, ಸಾಲ, ಸಲಕರಣೆ ಹೆಂಗಸರಿಗೂ ಗಂಡಸರಷ್ಟೇ ಸಿಕ್ಕರೆ ಅವರ ಹೊಲಗಳ ಇಳುವರಿ ನೂರಕ್ಕೆ 20ರಿಂದ 30ರಷ್ಟು ಏರಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಅಂದಾಜು ಮಾಡಿತ್ತು. ಎಂ.ಎಸ್. ಸ್ವಾಮಿನಾಥನ್ ಅವರು ಮಹಿಳಾ ರೈತರ ಹಕ್ಕಿಗಾಗಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯನ್ನೇ ಮಂಡಿಸಿದ್ದರು. ಜಮೀನು ಹೆಸರಲ್ಲಿ ಇರಲಿ ಬಿಡಲಿ, ಬೇಸಾಯ ಮಾಡುವವಳನ್ನು ರೈತ ಎಂದು ಗುರುತಿಸಿ ಪ್ರಮಾಣಪತ್ರ ಕೊಡಿ ಎಂಬುದು ಅದರ ತಿರುಳು. ಅದು ಕಾನೂನಾಗಲಿಲ್ಲ. ಈ ವರ್ಷ ಸರಕಾರ ನಿಜವಾಗಿ ಏನಾದರೂ ಮಾಡುವುದಿದ್ದರೆ ಅದನ್ನೇ ಮತ್ತೆ ಎತ್ತಿಕೊಳ್ಳಬಹುದು. ಕಪಾಸ್ ಕಿಸಾನ್ ಆ್ಯಪ್‌ನಲ್ಲಿ ಪತಿ ಪತ್ನಿ ಇಬ್ಬರ ಹೆಸರಿಗೂ ಜಾಗ ಕೊಡಬಹುದು. ನಂದ್ಯಾಲ, ಬನವಾಸಿಯಂಥ ಕೇಂದ್ರಗಳು ತಳಿ ಬಿಡುಗಡೆಗೆ ಮೊದಲು ಹತ್ತು ಹಳ್ಳಿಯ ಹೆಂಗಸರ ಅಭಿಪ್ರಾಯವನ್ನು ಅವರದೇ ಭಾಷೆಯಲ್ಲಿ ಬರೆದುಕೊಳ್ಳಬಹುದು. ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಡ.

ಸಮುದಾಯದ ಯುವಕರಿಗೆ ಕೆಲಸ ಇನ್ನೂ ಹತ್ತಿರದಲ್ಲಿದೆ. ಹೆಚ್ಚಿನ ಮನೆಗಳಲ್ಲಿ ಈಗ ಒಬ್ಬರಾದರೂ ಪದವಿ ಓದಿದವರಿದ್ದಾರೆ, ಪಹಣಿ ಆನ್‌ಲೈನ್‌ನಲ್ಲೇ ತೆಗೆಯಬಹುದು. ಅಜ್ಜನ ಕಾಲದ ಜಮೀನು ಯಾರ ಹೆಸರಲ್ಲಿದೆ, ಅತ್ತೆಯಂದಿರ, ಸಹೋದರಿಯರ ಪಾಲು ಎಲ್ಲಿ ಹೋಯಿತು ಎಂದು ನೋಡಲು ಅರ್ಧ ಗಂಟೆ ಸಾಕು. ಪಾಲು ಬಿಟ್ಟುಕೊಡುವ ಮಾತು ಬಂದರೆ ಮೊದಲು ಪಾಲನ್ನು ಅವಳ ಹೆಸರಿಗೆ ಬರೆಯಿಸಿ, ಆಮೇಲೆ ಬಿಡುವುದೋ ಇಟ್ಟುಕೊಳ್ಳುವುದೋ ಅವಳೇ ತೀರ್ಮಾನಿಸಲಿ ಎಂದು ಜಮಾಅತ್ ಕಮಿಟಿಗಳು ಒಂದು ನಿಯಮ ಮಾಡಿದರೂ ಸಾಕು, ಹಲವು ಮನೆಗಳ ಲೆಕ್ಕ ಸರಿಹೋಗುತ್ತದೆ.